ಜಿನ್ನಿಂಗ್ ಓಣಿಯ ಗದಿಗೆವ್ವ

ಬೆಟಗೇರಿಯ ಬಸ್ ನಿಲ್ದಾಣದ ಎದುರು ಇಪ್ಪತ್ತೆರಡು ವರ್ಷ ಮಿರ್ಚಿ ಕರಿದ ಗದಿಗೆವ್ವ, ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ, ವ್ಯಾಪಾರ ಕುದುರಿಕೊಂಡಿದ್ದ ಆ ಜಾಗ ಬಿಟ್ಟು ಜಿನ್ನಿಂಗ್ ಓಣಿಯ ನಡುಮಧ್ಯೆ ತನ್ನ ಕೈಗಾಡಿ ತಂದು ನಿಲ್ಲಿಸಿದಳು. ಸಂಜೆಯಾದರೆ ಹೆಣ್ಣುಮಕ್ಕಳು ಕಾಲಿಡಲು ಹೆದರುವ ಓಣಿ ಅದು. ನೋಡಿದವರು ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದರು. ಆಕೆಯ ಸಂಕಟ ಆಕೆಗೇ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗದಿಗೆವ್ವನ ತವರು ಮುಂಡರಗಿ ತಾಲ್ಲೂಕಿನ ಹಮ್ಮಿಗಿ. ಹೊಳೆದಂಡೆಯ ಊರು. ಹತ್ತೊಂಬತ್ತನೆಯ ವಯಸ್ಸಿಗೆ ಲಗ್ನವಾಗಿ ಬೆಟಗೇರಿಗೆ ಬಂದಾಗ ಗಂಡ ಕಳಕಪ್ಪ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಾರ್ಖಾನೆಯ ಪಕ್ಕದ ಓಣಿಯಲ್ಲಿ ಆಗ ಸುಗ್ಗಿ ಬಂತೆಂದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಡೋಣಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ಹತ್ತಿ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಹತ್ತಿ ಆರಿಸುವ ಹೆಂಗಸರು ತಲೆಗೂದಲಿಗೆ ಬಿಳಿ ಎಳೆ ಅಂಟಿಸಿಕೊಂಡು ಗುಂಪುಗುಂಪಾಗಿ ನಗುತ್ತ ಮನೆಗೆ ಹೋಗುತ್ತಿದ್ದರು. ಒಂದು ವರ್ಷ ಹತ್ತಿಯ ದೊಡ್ಡ ಮೂಟೆಯೊಂದು ಮೇಲೆ ಬಿದ್ದು ಕಳಕಪ್ಪನ ಎಡಗಾಲು ಜಜ್ಜಿಹೋಯಿತು. ಮುಂದೆ ಎರಡು ವರ್ಷಕ್ಕೆ ಕಾರ್ಖಾನೆಯೇ ಮುಚ್ಚಿತು. ಅಷ್ಟರಲ್ಲಿ ಗದಿಗೆವ್ವ ಹಾಲು ಕುಡಿಯುವ ಮಗ ವೀರುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ ನಿಲ್ದಾಣದ ಎದುರು ಸ್ಟೋವ್ ಹಚ್ಚಿದ್ದಳು. ಮೆಣಸಿನಕಾಯಿ ಸೀಳುವುದು, ಉಳ್ಳಾಗಡ್ಡಿ ಹೆಚ್ಚುವುದು ಕಳಕಪ್ಪನ ಪಾಲಿನ ಕೆಲಸವಾಯಿತು. ಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತು ಅವನು ಅದನ್ನು ಮಗ್ಗದ ಕೆಲಸದಷ್ಟು ನಾಜೂಕಾಗಿ ಮಾಡುತ್ತಿದ್ದ.

ಆಕೆಯ ಖಾಯಂ ಗಿರಾಕಿಗಳಲ್ಲಿ ನೇಕಾರರ ಹುಡುಗಿ ಕಾಂಚನಾ ಒಬ್ಬಳು. ಗದಗಿನ ಕಾಲೇಜೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಓದುತ್ತಿದ್ದಳು. ಸಂಜೆ ಆರರ ಬಸ್ಸಿಗೆ ಇಳಿದು, ಎರಡು ಮಿರ್ಚಿ ತಿಂದು, ಜಿನ್ನಿಂಗ್ ಓಣಿ ಹಾದು ಮನೆಗೆ ಹೋಗುವುದು ಅವಳ ದಿನಚರಿ. ಓಣಿಯಲ್ಲಿ ಹೋದರೆ ಐದು ನಿಮಿಷ, ದೊಡ್ಡ ರಸ್ತೆ ಸುತ್ತಿದರೆ ಇಪ್ಪತ್ತು. ಕಳೆದ ವರ್ಷ ದಸರೆಯ ಮುಂಚೆ ಹುಡುಗಿ ಬರುವುದು ನಿಂತುಹೋಯಿತು. ಒಂದು ವಾರ ನೋಡಿದ ಗದಿಗೆವ್ವ, ಅಮಾವಾಸ್ಯೆಯ ದಿನ ಗಾಡಿ ಹಚ್ಚದೆ ಅವಳ ಮನೆಗೇ ಹೋದಳು.

ಕಾಂಚನಾಳ ಬಲಗೈಗೆ ಪ್ಲಾಸ್ಟರ್ ಹಾಕಿದ್ದರು. ತಾಯಿ ರೇಣುಕವ್ವ ರಾಟಿಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದಳು.

“ಬಿದ್ದಾಳ್ರಿ,” ಎಂದಳು ರೇಣುಕವ್ವ. “ಕಾಲೇಜು ಸಾಕು ಅಂದಾರ ಅವರಪ್ಪಾರು. ಇನ್ನ ಮನ್ಯಾಗ ಇರ್ಲಿ.”

ಆಕೆ ಚಹಾ ಇಡಲು ಒಳಗೆ ಹೋದಾಗ ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. “ಬಿದ್ದಿಲ್ಲ ದೊಡ್ಡವ್ವಾ, ಕೆಡವಿದ್ರು. ದಿನಾ ಗಟಾರದ ಕಟ್ಟಿ ಮ್ಯಾಲ ಕುಂತು ಏನರ ಅಂತಿದ್ರು. ಕಿವಿಗಿ ಹಾಕ್ಕೊಂತಿರಲಿಲ್ಲ. ಅವತ್ತ ಒಬ್ಬಾಂವ ಹಿಂದಿನಿಂದ ಚೀಲಾ ಹಿಡದು ಜಗ್ಗಿದ.”

“ಯಾರವಾ ಅವರು? ಗುರ್ತು ಹಿಡೀತಿಯೇನ?”

“ಜಗ್ಗಿದಾಂವ ಯಾರೋ ಗೊತ್ತಿಲ್ಲ. ಮೂರು ಮಂದಿ ಇದ್ರು.” ಕಾಂಚನಾ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದಳು. “ಒಬ್ಬಾಂವ ವೀರು ಅಣ್ಣ. ಆಂವ ಏನೂ ಮಾಡಲಿಲ್ಲ. ನಗತಿದ್ದ.”

ಚಹಾ ಬಂತು. ಗದಿಗೆವ್ವ ಕುಡಿದಳೋ ಇಲ್ಲವೋ, ಆಕೆಗೇ ನೆನಪಿಲ್ಲ.

ವೀರು ಮೋಟಾರ್ ಸೈಕಲ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ಇಪ್ಪತ್ಮೂರು ವರ್ಷ. ಮನೆಯಲ್ಲಿ ಜೋರು ಮಾತಾಡಿದವನಲ್ಲ, ಅಪ್ಪನ ಕಾಲಿಗೆ ಎಣ್ಣೆ ತಿಕ್ಕುವ ಹುಡುಗ. ಅಂದು ಸಂಜೆ ಕೈಕಾಲು ತೊಳೆದು ಊಟಕ್ಕೆ ಕುಳಿತವನ ಎದುರಿಗೆ ತಾಯಿ ರೊಟ್ಟಿ ಇಟ್ಟು ಕೇಳಿದಳು.

“ಲೇ ವೀರೂ, ರೇಣುಕವ್ವನ ಮಗಳು ಓಣ್ಯಾಗ ಬಿದ್ದಾಗ ನೀ ಅಲ್ಲಿದ್ದೇನ?”

ಅವನ ಕೈ ನಿಂತಿತು. “ನಾ ಮುಟ್ಟಿಲ್ಲ ಬೇ ಯವ್ವಾ. ಬರೇ ಚೇಷ್ಟಿ ಮಾಡಾಕ ಹೋಗಿ ಹಂಗಾತು.”

“ನೀ ನಕ್ಕೆಲ್ಲಾ?”

“ಎಲ್ಲಾರೂ ನಕ್ರು.”

“ಆಕಿ ನಕ್ಕಳೇನು?”

ವೀರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿಗೆ ಹಾಕಿದ. ಚೀಲ ಜಗ್ಗಿದವನು ಯಾರೆಂದು ಕೇಳಿದರೆ, ದೋಸ್ತ ಅದಾನ, ಹೇಳಾಂಗಿಲ್ಲ ಎಂದು ತಾಟು ಸರಿಸಿ ಎದ್ದುಹೋದ.

ಅಂದು ಗದಿಗೆವ್ವನಿಗೆ ಕಣ್ಣು ಹತ್ತಲಿಲ್ಲ. ಬೇರೆಯವರ ಮಗನಾಗಿದ್ದರೆ ಬಸ್ ನಿಲ್ದಾಣದಲ್ಲಿ ನಿಂತು ಬಾಯಿಗೆ ಬಂದಂತೆ ಬೈದು ಬರುತ್ತಿದ್ದಳು. ಇವನು ತನ್ನವನು. ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಕಾಂಚನಾ ಇನ್ನೊಬ್ಬರ ಮುಂದೆ ಬಾಯಿ ಬಿಡುವ ಹುಡುಗಿಯಲ್ಲ. ಆದರೆ ನಾಳೆ ಆ ಓಣಿಯಲ್ಲಿ ಇನ್ನೊಬ್ಬಳು ಬಿದ್ದರೆ? ಮಗ ಮತ್ತೆ ಅಲ್ಲೇ ಕುಳಿತು ನಕ್ಕರೆ? ಅಥವಾ ಈ ಸಲ ನಕ್ಕವನು ಮುಂದಿನ ಸಲ ಕೈ ಚಾಚಿದರೆ? ಪಕ್ಕದಲ್ಲಿ ಎಚ್ಚರವಾಗಿಯೇ ಮಲಗಿದ್ದ ಕಳಕಪ್ಪ, ಕೊನೆಗೆ “ನಿನಗ ಖರೆ ಅನಿಸಿದ್ದು ಮಾಡು, ನಾ ಅಡ್ಡ ಬರಂಗಿಲ್ಲ,” ಎಂದ.

ಬೆಳಿಗ್ಗೆ ಆಕೆ ಪೊಲೀಸ್ ಚೌಕಿಗೆ ಹೋದಳು. ಅಲ್ಲಿ ಹವಾಲ್ದಾರ ಕುತುಬುದ್ದೀನ ಇದ್ದರು. ನಿವೃತ್ತಿಗೆ ಮೂರು ವರ್ಷ ಉಳಿದಿದ್ದ, ಮೀಸೆ ಪೂರಾ ಬೆಳ್ಳಗಾದ ಮನುಷ್ಯ. ಆಕೆ ಹೇಳಿದ್ದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು.

“ಏನವಾ, ವಿಚಾರ ಮಾಡಿ ಮಾತಾಡಾಕತ್ತೀಯಿಲ್ಲೋ? ಮಗನ ಹೆಸರು ಒಮ್ಮಿ ಕಾಗದದ ಮ್ಯಾಲ ಬಂತಂದ್ರ ಹಿಂದಕ್ಕ ಹೋಗಾಂಗಿಲ್ಲ.”

“ವಿಚಾರ ಮಾಡೇ ಬಂದೇನ್ರಿ ಸಾಹೇಬ್ರ. ಅವನ್ನ ಕರಸಿ ಕೇಳ್ರಿ. ನನ್ನ ಮುಂದ ಹೇಳವಲ್ಲ, ನಿಮ್ಮ ಮುಂದ ಹೇಳ್ತಾನ.”

ಕುತುಬುದ್ದೀನ ಮಹಿಳಾ ಪೇದೆಯೊಬ್ಬಳನ್ನು ಕರೆದುಕೊಂಡು ರೇಣುಕವ್ವನ ಮನೆಗೆ ಹೋದರು. ಕಾಂಚನಾಳ ಅಪ್ಪ ಮೊದಲು, ನಮಗೆ ಕೇಸು ಬೇಡ, ಮಗಳ ಹೆಸರು ಊರ ಬಾಯಿಗೆ ಬೀಳುವುದು ಬೇಡ ಎಂದ. ಗದಿಗೆವ್ವ ತಾನೇ ಹೋಗಿ ತನ್ನ ಮಗನ ಹೆಸರು ಕೊಟ್ಟಿದ್ದಾಳೆ ಎಂದು ತಿಳಿದ ಮೇಲೆ ಮಗಳನ್ನು ಮುಂದೆ ಕರೆದ. ಹುಡುಗಿ ಎಡಗೈಯಲ್ಲೇ ಸಹಿ ಮಾಡಿದಳು. ಚೌಕಿಯಲ್ಲಿ ವೀರು ಎಲ್ಲವನ್ನೂ ಹೇಳಿದ. ಚೀಲ ಜಗ್ಗಿದವನ ಮೇಲೆ ಕೇಸಾಯಿತು, ಉಳಿದಿಬ್ಬರು ತಂದೆ ತಾಯಿಯ ಮುಂದೆ ಮುಚ್ಚಳಿಕೆ ಬರೆದುಕೊಟ್ಟರು.

ಮರುದಿನವೇ ವೀರು ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡ. ಸಿಂಗಟಾಲೂರಿನಲ್ಲಿ ಪಂಪು, ಮೋಟಾರು ರಿಪೇರಿ ಮಾಡುವ ಸೋದರಮಾವನ ಹತ್ತಿರ ಹೋಗುತ್ತೇನೆಂದ. “ಹೊಟ್ಟ್ಯಾಗ ಹುಟ್ಟಿದ ಮಗನ್ನ ಪೊಲೀಸರ ಕೈಯಾಗ ಕೊಟ್ಟಾಕಿ ನೀ ಒಬ್ಬಾಕಿನ,” ಎಂದು ಹೇಳಿ ಹೊರಟ. ಗದಿಗೆವ್ವ ಬುತ್ತಿ ಕಟ್ಟಿಕೊಟ್ಟಿದ್ದಳು. ಅದನ್ನು ಮನೆಮುಂದಿನ ಕಟ್ಟೆಯ ಮೇಲೆ ಬಿಟ್ಟುಹೋದ.

ಇಷ್ಟೆಲ್ಲ ಆದರೂ ಓಣಿ ಮಾತ್ರ ಬದಲಾಗಲಿಲ್ಲ. ಹತ್ತು ದಿನ ಖಾಲಿಯಿದ್ದ ಗಟಾರದ ಕಟ್ಟೆಯ ಮೇಲೆ ಹನ್ನೊಂದನೆಯ ದಿನ ಬೇರೆ ಮುಖಗಳು ಬಂದು ಕುಳಿತವು. ಬಾಟಲಿಗಳು ಬಂದವು, ಇಸ್ಪೀಟು ಬಂತು. ಕಂಬದ ದೀಪಗಳನ್ನು ಕುಡಿದವರೇ ಕಲ್ಲು ಹೊಡೆದು ಒಡೆದಿದ್ದರು. ಹೊಸದು ಹಾಕಿದರೆ ನಾಲ್ಕು ದಿನ ಬಾಳುತ್ತಿರಲಿಲ್ಲ. ಕಾಂಚನಾಳ ಪ್ಲಾಸ್ಟರ್ ಬಿಚ್ಚಿದರೂ ಕಾಲೇಜಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಗದಿಗೆವ್ವ ಮತ್ತೆ ಚೌಕಿಗೆ ಹೋದಾಗ ಕುತುಬುದ್ದೀನ ಮುಚ್ಚುಮರೆಯಿಲ್ಲದೆ ಹೇಳಿದರು.

“ನಾವು ಬಂದಾಗ ಅವರು ಇರೂದಿಲ್ಲ. ನಾವು ಹ್ವಾದ ಮ್ಯಾಗ ಬರ್ತಾರ. ದಿನಪೂರ್ತಿ ಅಲ್ಲೇ ನಿಲ್ಲಾಕ ನನ್ನ ಹತ್ರ ಮಂದಿ ಎಲ್ಲೈತಿ?”

ಅಂದು ಸಂಜೆ ಬೆಳಕಿರುವಾಗಲೇ ಆಕೆ ಗಂಡನನ್ನು ಕರೆದುಕೊಂಡು ಓಣಿ ನೋಡಲು ಹೋದಳು. ಒಂದು ಬದಿಗೆ ಕಾರ್ಖಾನೆಯ ಹಳೆಯ ಕಾಂಪೌಂಡ್ ಗೋಡೆ. ಇನ್ನೊಂದು ಬದಿಗೆ ಸಾಲುಮನೆಗಳ ಹಿತ್ತಲಗೋಡೆ. ಒಂದಿಷ್ಟು ಹಿತ್ತಲ ಬಾಗಿಲುಗಳಿದ್ದವು, ಎಲ್ಲವಕ್ಕೂ ಮೊಳೆ ಹೊಡೆದಿತ್ತು. ಕಳಕಪ್ಪ ಕೋಲೂರಿಕೊಂಡು ನಿಂತು, ಇಲ್ಲಿ ಚಹಾದಂಗಡಿಯಿತ್ತು, ಇಲ್ಲಿ ಎತ್ತಿಗೆ ಲಾಳ ಕಟ್ಟುವವನು ಕೂರುತ್ತಿದ್ದ ಎಂದು ತೋರಿಸಿದ.

“ಆವಾಗ ಹೆಣ್ಮಕ್ಳು ಒಬ್ಬೊಬ್ರ ಅಡ್ಡಾಡತಿದ್ರಲ್ರೀ. ಅಂಜಿಕಿ ಇರಲಿಲ್ಲೇನು?”

“ಯಾಕ ಅಂಜತಾರ? ಮಂದಿ ಇರತಿದ್ರು. ಯಾವನರ ಬಾಲ ಬಿಚ್ಚಿದ್ರ ಗಾಡಿಯವರ ಬಾರಕೋಲ ತೊಗೊಂತಿದ್ರು. ಈಗ ಯಾರದಾರ ನೋಡಾಕ?”

ಗದಿಗೆವ್ವ ಒಡೆದ ದೀಪದ ಕಂಬದ ಕೆಳಗೆ ಹೋಗಿ ನಿಂತಳು. “ಹಂಗಾರ ನಾ ಇರತೇನಿ,” ಎಂದಳು.

ಹೀಗೆ ಕೈಗಾಡಿ ಜಿನ್ನಿಂಗ್ ಓಣಿಗೆ ಬಂತು. ಒಡೆದ ದೀಪದ ಕಂಬದ ಕೆಳಗೇ ನಿಲ್ಲಿಸಿ, ಗಾಡಿಯ ಮೇಲೆ ಚಾರ್ಜಿಂಗ್ ಲೈಟು ತೂಗುಹಾಕಿದಳು. ಕಳಕಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕುಳಿತ. ಮೊದಲ ದಿನ ಬಂದ ಗಿರಾಕಿಗಳು ಮೂವರು, ಅವರಲ್ಲಿ ಒಬ್ಬರು ಕುತುಬುದ್ದೀನ. ಎರಡನೆಯ ದಿನ ಕಟ್ಟೆಯ ಮೇಲಿನವರೇ ಮಿರ್ಚಿ ಕೇಳಿದರು. “ಕುಡದು ಬಂದವರಿಗೆ ಕೊಡಾಂಗಿಲ್ಲ. ಬಾಟ್ಲಿ ಬಿಟ್ಟು ಬರ್ರಿ, ಬಿಸಿಬಿಸಿ ಕರದು ಕೊಡ್ತೇನಿ,” ಎಂದಳು. ಅವರು ನಕ್ಕು ಏನೋ ಹೊಲಸು ಮಾತಾಡಿದರು. ಕಿವಿ ಕಾದರೂ ಗದಿಗೆವ್ವ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ.

ಮೂರನೆಯ ದಿನ ಆಕೆಯ ಬೆನ್ನ ಹಿಂದಿನ ಹಿತ್ತಲಗೋಡೆಯ ಮೇಲಿಂದ ಒಂದು ಬೆಳ್ಳಗಿನ ತಲೆ ಕಂಡಿತು.

“ಯಾರವ್ವಾ ಅದು, ಇಲ್ಲಿ ಮಿರ್ಚಿ ಕರಿಲಿಕ್ಕತ್ತಾಕಿ? ವಾಸನಿ ನಮ್ಮ ದೇವರ ಮನೀತನಕ ಬಂದದ.”

ಅಂಬುಬಾಯಿ, ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಕುರ್ಚಿಯ ಮೇಲೆ ಹತ್ತಿ ನಿಂತು ಇಣುಕುತ್ತಿದ್ದರು. ಗದಿಗೆವ್ವ ಹೆದರಿ, “ತಪ್ಪಾತ್ರಿ ಅಕ್ಕೋರ, ಗಾಡಿ ಅತ್ತಾಗ ಸರಸ್ತೇನಿ,” ಎಂದಳು.

“ಸರಸಬ್ಯಾಡ. ಹದಿನೈದು ವರ್ಷದಿಂದ ಈ ಗ್ವಾಡಿ ಆಚೆ ಬರೇ ಬೈಗುಳಾನೇ ಕೇಳಿ ಸಾಕಾಗೇದ. ಇವತ್ತ ಒಂದು ಹೆಣ್ಣುದನಿ ಕೇಳಿತಲ್ಲಾ, ಅದಕ್ಕ ನೋಡಲಿಕ್ಕೆ ಬಂದೆ.”

ಗದಿಗೆವ್ವ ಗೋಡೆಯ ಈಚೆಯಿಂದಲೇ ಎಲ್ಲವನ್ನೂ ಹೇಳಿದಳು. ಮಗನ ವಿಷಯವನ್ನೂ ಬಿಡಲಿಲ್ಲ. ಅಂಬುಬಾಯಿಯ ತಲೆ ಗೋಡೆಯಾಚೆ ಸರಿಯಿತು. ಮಾತು ಹಿಡಿಸಲಿಲ್ಲವೇನೋ ಎಂದು ಗದಿಗೆವ್ವ ಅಂದುಕೊಂಡಳು. ಮರುದಿನ ಮಧ್ಯಾಹ್ನ ಗಾಡಿ ತಳ್ಳಿಕೊಂಡು ಬಂದಾಗ ಬಡಗಿಯೊಬ್ಬ ಆ ಹಿತ್ತಲ ಬಾಗಿಲಿನ ಮೊಳೆ ಕೀಳುತ್ತಿದ್ದ. ಸಂಜೆ ಅಂಬುಬಾಯಿ ಬಾಗಿಲು ತೆರೆದಿಟ್ಟು, ಮೆಟ್ಟಿಲಿನ ಮೇಲೆ ಚಾಪೆ ಹಾಸಿ, ಕನ್ನಡಕ ಏರಿಸಿಕೊಂಡು ಪೇಪರು ಓದುತ್ತ ಕುಳಿತರು. ಬಾಗಿಲಿನ ಮೇಲೊಂದು ದೊಡ್ಡ ಬಲ್ಬು ಉರಿಯುತ್ತಿತ್ತು.

ಎರಡು ವಾರ ಕಳೆದಿರಬೇಕು. ಕಟ್ಟೆಯವರಲ್ಲಿ ದಾಂಡಿಗನೊಬ್ಬ ಒಂದು ಸಂಜೆ ತೂರಾಡುತ್ತ ಬಂದು, “ನಮ್ಮ ಜಾಗಾ ಹೊಲಸು ಮಾಡಿಬಿಟ್ಟಿ,” ಎಂದು ಕಡಲೆಹಿಟ್ಟು ಕಲಸಿಟ್ಟಿದ್ದ ಪಾತ್ರೆಯನ್ನು ಎತ್ತಿ ಗಟಾರಕ್ಕೆ ಸುರಿದ. ಕಳಕಪ್ಪ ಕೋಲು ಹಿಡಿದು ಏಳಲು ಹೋಗಿ ಮುಗ್ಗರಿಸಿದ. ಗದಿಗೆವ್ವನ ಎದುರಿಗೆ ಕುದಿಯುವ ಎಣ್ಣೆ, ಕೈಯಲ್ಲಿ ಸೌಟು. ಒಂದು ಕ್ಷಣ ಮನಸ್ಸಿಗೆ ಏನೇನೋ ಬಂತು. ಮೊದಲು ಸ್ಟೋವ್ ಆರಿಸಿದಳು.

“ಹಿಟ್ಟು ಚೆಲ್ಲಿದ್ದಕ್ಕ ಇವತ್ತ ಕರಿಯಾಂಗಿಲ್ಲ. ಆದ್ರ ಗಾಡಿ ತೊಗೊಂಡು ಹೋಗಾಂಗೂ ಇಲ್ಲ. ಇಲ್ಲೇ ನಿಂದರತೇನಿ. ನೀ ಏನ ಮಾಡ್ತಿ ಮಾಡು.”

ಅಂಬುಬಾಯಿ ಮೆಟ್ಟಿಲಿನಿಂದ ಎದ್ದು, ಮೂವತ್ತು ವರ್ಷ ನಾಲ್ಕನೇ ಇಯತ್ತೆಗೆ ಪಾಠ ಹೇಳಿದ ದನಿಯಲ್ಲಿ ಕೂಗಿದರು. “ಏ! ಯಾರ ಮಗಾನೋ ನೀ? ನಿಮ್ಮಪ್ಪನ ಹೆಸರು ಹೇಳು!” ಆ ದನಿಗೆ ಪಕ್ಕದ ಮನೆಯ ಹಿತ್ತಲಗೋಡೆಯ ಮೇಲೆ ಎರಡು ತಲೆ ಕಂಡವು, ಅದರಾಚೆ ಮತ್ತೆ ಮೂರು. ಯಾರೋ ಪೊಲೀಸರ ನೂರಾ ಹನ್ನೆರಡಕ್ಕೆ ಫೋನ್ ಹಚ್ಚಿದರು. ದಾಂಡಿಗ ಸುತ್ತ ನೋಡಿದ. ಒಬ್ಬಳು ಮುದುಕಿ, ಒಬ್ಬಳು ಮಿರ್ಚಿ ಮಾರುವವಳು, ಒಬ್ಬ ಕುಂಟ. ಅವರ ಹಿಂದೆ ತನ್ನನ್ನೇ ನೋಡುವ ಹತ್ತು ಕಣ್ಣು. ಪಾತ್ರೆ ಬಿಸಾಕಿ ಹೊರಟ. ಪೊಲೀಸರು ಅವನನ್ನು ತಿರುವಿನಲ್ಲೇ ಹಿಡಿದರು.

ಆ ವಾರ ಇನ್ನೂ ಮೂರು ಹಿತ್ತಲ ಬಾಗಿಲುಗಳ ಮೊಳೆ ಕಿತ್ತುಬಂದವು. ಅಂಬುಬಾಯಿ ಚೆಂದದ ಅಕ್ಷರದಲ್ಲಿ ನಗರಸಭೆಗೆ ಒಂದು ಅರ್ಜಿ ಬರೆದರು, ಓಣಿಯ ಇಪ್ಪತ್ತಾರು ಹೆಂಗಸರು ಸಹಿ ಮಾಡಿದರು. ಹದಿನೈದು ದಿನದಲ್ಲಿ ಐದು ಕಂಬಕ್ಕೂ ಹೊಸ ದೀಪ ಬಂದವು. ಈ ಸಲ ಕಲ್ಲು ತಾಗದಂತೆ ತಂತಿಬಲೆ ಹೊದಿಸಿದ್ದರು. ಕುತುಬುದ್ದೀನ ಬೀಟ್ ಪುಸ್ತಕವನ್ನು ಅಂಬುಬಾಯಿಯ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿಟ್ಟರು. ಸಂಜೆ ಆರರಿಂದ ಎಂಟರೊಳಗೆ ಎರಡು ಸಲ ಪೇದೆ ಬಂದು ಅದರಲ್ಲಿ ಸಹಿ ಮಾಡಲೇಬೇಕು. ಮಾಡದಿದ್ದರೆ ಅಕ್ಕೋರು ಮರುದಿನ ಚೌಕಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಕಟ್ಟೆಯ ಮೇಲೆ ಕೂರುತ್ತಿದ್ದವರೆಲ್ಲ ಒಳ್ಳೆಯವರಾದರೆಂದು ಹೇಳಲಾಗದು. ಕೆಲವರು ಬೇರೆ ಕಡೆ ಹೋದರು. ಒಬ್ಬಿಬ್ಬರು ಮಾತ್ರ ನಿಜಕ್ಕೂ ಬಾಟಲಿ ಬಿಟ್ಟು ಬಂದು, ತಲೆ ತಗ್ಗಿಸಿ ಮಿರ್ಚಿ ತಿಂದು ಹೋಗುತ್ತಿದ್ದರು. ಅವರಿಗೆ ಗದಿಗೆವ್ವ ಹೇಳಿದಂತೆ ಬಿಸಿಬಿಸಿಯಾಗಿಯೇ ಕರಿದು ಕೊಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಕಾಂಚನಾ ಕಾಲೇಜಿಗೆ ಹೊರಟಳು. ಮೊದಲ ನಾಲ್ಕು ದಿನ ಸಂಜೆ ಅಪ್ಪ ಹತ್ತು ಹೆಜ್ಜೆ ಹಿಂದೆ ನಡೆದುಬಂದ. ಆಮೇಲೆ ಓಣಿಯ ತುದಿಯಲ್ಲಿ ನಿಂತು ನೋಡಿದ. ಒಂದು ದಿನ ಅವನು ಕಾಣಲಿಲ್ಲ. ಕಾಂಚನಾ ಒಬ್ಬಳೇ ಬಂದು ಗಾಡಿಯ ಮುಂದೆ ನಿಂತು, “ದೊಡ್ಡವ್ವಾ, ಹಸಿವಿ ಆಗೇತಿ,” ಎಂದಳು. ಗದಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಎಣ್ಣೆಯ ಹೊಗೆ ಎಂದು ಹೇಳಿದಳು.

ವೀರು ಐದು ತಿಂಗಳು ಫೋನ್ ಮಾಡಲಿಲ್ಲ. ಅವನನ್ನು ಇಟ್ಟುಕೊಂಡಿದ್ದ ಗದಿಗೆವ್ವನ ಅಣ್ಣ ಮಾತ್ರ ಆಗಾಗ ಫೋನಿನಲ್ಲಿ, ಹುಡುಗ ಕೆಲಸ ಚೆನ್ನಾಗಿ ಕಲಿಯುತ್ತಿದ್ದಾನೆ, ನಿನ್ನ ಮಾತು ಎತ್ತಿದರೆ ಎದ್ದುಹೋಗುತ್ತಾನೆ ಎಂದು ಹೇಳುತ್ತಿದ್ದ. ಯುಗಾದಿಯ ಹಿಂದಿನ ದಿನ ಸಂಜೆ ಓಣಿಯ ತುದಿಯಲ್ಲಿ ಚೀಲ ಹೆಗಲಿಗೇರಿಸಿ ನಿಂತವನನ್ನು ಕಳಕಪ್ಪ ಮೊದಲು ನೋಡಿದ. ವೀರು ನಿಧಾನವಾಗಿ ಬಂದ. ದೀಪ ನೋಡಿದ, ತೆರೆದ ಬಾಗಿಲು ನೋಡಿದ, ಮೆಟ್ಟಿಲ ಮೇಲೆ ಕುಳಿತು ಹೂ ಕಟ್ಟುವ ಹೆಂಗಸರನ್ನು ನೋಡಿದ.

“ಮಾಂವನ ಮಗಳು ಕಾಲೇಜಿಗಿ ಮುಂಡರಗಿಗಿ ಹೊಕ್ಕಾಳ ಬೇ,” ಎಂದ, ಯಾವ ಪೀಠಿಕೆಯೂ ಇಲ್ಲದೆ. “ಒಂದಿನ ಅಳಕೋತ ಬಂದ್ಲು. ಬಸ್‌ಸ್ಟ್ಯಾಂಡಿನಾಗ ಯಾರೋ ಏನೋ ಅಂದ್ರಂತ. ಸುತ್ತ ನಿಂತಾವ್ರೆಲ್ಲಾ ನಕ್ರಂತ.” ಅವನು ಹೆಗಲ ಚೀಲ ಕೆಳಗಿಟ್ಟ. “ಅವತ್ತ ನನಗ ಊಟ ಹೋಗಲಿಲ್ಲ.”

ಗದಿಗೆವ್ವ ಸೌಟು ಎತ್ತಿ ಎಣ್ಣೆ ಬಸಿದಳು. ಮಿರ್ಚಿ ಕಾಗದದಲ್ಲಿಟ್ಟು ಕೈಗೆ ಕೊಟ್ಟಳು.

ಮರುದಿನ ಅವನು ಅಪ್ಪನ ಜೊತೆ ರೇಣುಕವ್ವನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ತಪ್ಪಾಯಿತು ಎಂದ. ಕಾಂಚನಾ ಹೊರಗೆ ಬಂದಳು. “ಕೈ ನೆಟ್ಟಗಾಗೇತಿ. ನೀ ನಕ್ಕಿದ್ದು ಇನ್ನೂ ಕೇಳಸ್ತೈತಿ,” ಎಂದಷ್ಟೇ ಹೇಳಿ ಒಳಗೆ ಹೋದಳು. ವೀರು ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಬೇವು ಬೆಲ್ಲ ತಿಂದ. ಹಬ್ಬ ಮುಗಿಸಿ ಸಿಂಗಟಾಲೂರಿಗೆ ಮರಳುವಾಗ ತಾಯಿ ಕಟ್ಟಿದ ಬುತ್ತಿಯನ್ನು ತಾನೇ ಕೇಳಿ ತೆಗೆದುಕೊಂಡ.

ಈ ವರ್ಷ ಶ್ರಾವಣದಲ್ಲಿ ಗದಿಗೆವ್ವನಿಗೆ ಜ್ವರ ಬಂತು. ನಾಲ್ಕು ದಿನ ಏಳಲಾಗಲಿಲ್ಲ. ಮಲಗಿದ್ದಲ್ಲೇ ಓಣಿಯದೇ ಚಿಂತೆ. ಗಾಡಿ ಇಲ್ಲ, ಸ್ಟೋವಿಲ್ಲ. ಮತ್ತೆ ಬಾಟಲಿಗಳು ಬಂದು ಕುಳಿತಿರುತ್ತವೆ, ಹುಡುಗಿಯರು ದೊಡ್ಡ ರಸ್ತೆ ಸುತ್ತುತ್ತಿರುತ್ತಾರೆ. ಐದನೆಯ ದಿನ ಸಂಜೆ, ಕಳಕಪ್ಪ ಬೇಡವೆಂದರೂ ಕೇಳದೆ, ಶಾಲು ಹೊದ್ದು ಹೊರಟಳು.

ಓಣಿಯ ತುದಿಯಲ್ಲಿ ನಿಂತು ನೋಡಿದಳು. ಐದೂ ದೀಪ ಉರಿಯುತ್ತಿದ್ದವು. ತನ್ನ ಗಾಡಿ ನಿಲ್ಲುವ ಜಾಗದಲ್ಲಿ ಒಬ್ಬಾಕೆ ಸೌತೆಕಾಯಿ, ಮೆಂತ್ಯೆಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಇಬ್ಬರು ಶಾಲೆಯ ಹುಡುಗಿಯರು ಒಂದೇ ಸೈಕಲ್ಲಿನಲ್ಲಿ ಜೋರಾಗಿ ಮಾತಾಡುತ್ತ ಹಾದುಹೋದರು. ಒಂದು ಬಾಗಿಲ ಮುಂದೆ ಹೆಂಗಸರು ಶ್ಯಾವಿಗೆಯ ವಿಷಯಕ್ಕೆ ಜಗಳವಾಡುತ್ತಿದ್ದರು. ಗದಿಗೆವ್ವನಿಗೆ ಮೊದಲು ಸ್ವಲ್ಪ ನೋವಾಯಿತು. ನಾನಿಲ್ಲದೆಯೂ ಇವರಿಗೆ ನಡೆಯುತ್ತದಲ್ಲ ಎನಿಸಿತು. ಆ ಮೇಲೆ ಅದೇ ಮಾತು ಮನಸ್ಸಿನಲ್ಲಿ ಇನ್ನೊಮ್ಮೆ ಹಾದುಹೋದಾಗ, ಅದರಷ್ಟು ತಂಪಾದ ಮಾತು ಇನ್ನೊಂದಿಲ್ಲ ಎನಿಸಿತು.

ಅಂಬುಬಾಯಿ ಆಕೆಯನ್ನು ನೋಡಿ ಚಾಪೆಯ ಮೇಲೆ ಸರಿದು ಜಾಗ ಮಾಡಿದರು. “ಜ್ವರದಾಗ ಯಾಕ ಬಂದಿ? ಕೂಡು. ಚಹಾ ಮಾಡಿಸ್ತೀನಿ.”

“ಶುಂಠಿ ಹಾಕಸ್ರಿ ಅಕ್ಕೋರ,” ಎಂದು ಗದಿಗೆವ್ವ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಆಕೆಗೆ ಗುರುತಿಲ್ಲದ ಹೆಂಗಸೊಬ್ಬಳು ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದುರಿನಿಂದ ಬರುತ್ತಿದ್ದಳು. ಅವಸರವಿರಲಿಲ್ಲ, ಅತ್ತಿತ್ತ ನೋಡುತ್ತಲೂ ಇರಲಿಲ್ಲ. ಬುಟ್ಟಿಯವಳ ಹತ್ತಿರ ನಿಂತು ಸೌತೆಕಾಯಿ ಒಂದೊಂದೇ ಎತ್ತಿ, ಎಳೆಯದು ಹುಡುಕತೊಡಗಿದಳು.